ಕರೆಂಟ್ ಹೊಡೆದ ಮೇಲೆ ಕಣ್ಣಿನ ಕಾಳಜಿ: ಮೊದಲ ನಿಮಿಷದಿಂದ ಎರಡನೇ ವರ್ಷದ ತನಕ

ಕರೆಂಟ್ ಹೊಡೆದು ಆಸ್ಪತ್ರೆ ಸೇರಿದವರ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಜೀವ ಉಳಿಯುತ್ತಾ? ಕೈ ಉಳಿಯುತ್ತಾ? ಕಿಡ್ನಿ ಸರಿ ಇದೆಯಾ? ಕಣ್ಣಿನ ಬಗ್ಗೆ ಕೇಳುವವರು ಕಡಿಮೆ. ಆ ಹೊತ್ತಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿರುತ್ತದಲ್ಲ, ಕೇಳಬೇಕು ಅಂತ ಹೊಳೆಯುವುದೇ ಇಲ್ಲ. ತೊಂದರೆ ಆಮೇಲೆ ಬರುತ್ತದೆ. ಗಾಯ ಒಣಗಿ, ಹೊಲಿಗೆ ಬಿಚ್ಚಿಸಿಕೊಂಡು, ಮನೆಗೆ ಬಂದು ಮೂರನೇ ತಿಂಗಳಿಗೋ ಎಂಟನೇ ತಿಂಗಳಿಗೋ ಕಣ್ಣು ಮಂಜಾಗತೊಡಗುತ್ತದೆ. ಮೂವತ್ತು ವರ್ಷದವರಿಗೆ ಪೊರೆ ಬರುತ್ತದೆ ಅಂತ ಯಾರು ತಾನೇ ಅಂದುಕೊಳ್ಳುತ್ತಾರೆ? ಕನ್ನಡಕದ ಅಂಗಡಿಗೆ ಹೋಗಿ ನಂಬರ್ ಬದಲಾಯಿಸುತ್ತಾರೆ. ಮತ್ತೆ ಬದಲಾಯಿಸುತ್ತಾರೆ. ಅಷ್ಟರಲ್ಲಿ ಎಷ್ಟೋ ದಿನ ಹೋಗಿರುತ್ತದೆ.

ಈ ಲೇಖನ ಅಂಥವರಿಗಾಗಿ, ಅವರ ಮನೆಯವರಿಗಾಗಿ. ಲೈನ್‌ಮನ್‌ಗಳು, ಪಂಪ್‌ಸೆಟ್ ಸ್ಟಾರ್ಟರ್ ಮುಟ್ಟುವ ರೈತರು, ಕಟ್ಟಡದ ಮೇಲೆ ಕಬ್ಬಿಣದ ಸರಳು ಎತ್ತುವ ಕೆಲಸಗಾರರು, ವೆಲ್ಡಿಂಗ್ ಮಾಡುವವರು, ಸಿಡಿಲು ಹೊಡೆದು ಬದುಕಿದವರು, ಎಲ್ಲರಿಗೂ ಇದು ಬೇಕಾಗುತ್ತದೆ.

ಯಾರು ಎಷ್ಟು ಎಚ್ಚರ ವಹಿಸಬೇಕು

ಮೊದಲು ಒಂದು ಸಮಾಧಾನದ ಮಾತು. ಮನೆಯ ಸ್ವಿಚ್ ಮುಟ್ಟಿದಾಗ ಬೆರಳಿಗೆ ಜುಮ್ ಅಂತ ಹೊಡೆದು ಕೈ ಹಿಂದೆ ಬಂತು, ಮತ್ತೇನೂ ಆಗಲಿಲ್ಲ ಅಂದರೆ ಕಣ್ಣಿನ ಬಗ್ಗೆ ಹೆದರಬೇಕಾಗಿಲ್ಲ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಅದರಿಂದ ಕಣ್ಣಿಗೆ ಪೊರೆ ಬಂದದ್ದು ಇದೆ, ಆದರೆ ತೀರಾ ಅಪರೂಪ.

ಈ ಕೆಳಗಿನವರು ಮಾತ್ರ ಕಣ್ಣನ್ನು ತೋರಿಸಿಕೊಳ್ಳಲೇಬೇಕು: 1000 ವೋಲ್ಟ್‌ಗಿಂತ ಜಾಸ್ತಿಯ ಲೈನ್ ತಗುಲಿದವರು (ಊರಿನ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರ್‌ಗೆ, ಬರುವ ಲೈನ್ ಸಾಮಾನ್ಯವಾಗಿ 11 ಸಾವಿರ ವೋಲ್ಟ್‌ನದು), ತಲೆ, ಮುಖ, ಕುತ್ತಿಗೆ ಅಥವಾ ಭುಜಕ್ಕೆ ಕರೆಂಟ್ ತಗುಲಿದವರು, ಪ್ರಜ್ಞೆ ತಪ್ಪಿದವರು, ಮುಖದ ಎದುರೇ ಕಿಡಿ ಸಿಡಿದವರು, ಸಿಡಿಲು ಬಡಿದವರು. ಕೈಯಿಂದ ಕಾಲಿಗೆ ಕರೆಂಟ್ ಹರಿದು ಹೋಗಿದೆ, ತಲೆಗೆ ಏನೂ ಆಗಿಲ್ಲ ಅನ್ನುವವರು ಕೂಡ ಈ ಪಟ್ಟಿಯಿಂದ ಹೊರಗಿಲ್ಲ. ಹೈವೋಲ್ಟೇಜ್ ಆದರೆ ಅಂಥವರಿಗೂ ಪೊರೆ ಬಂದಿರುವ ಉದಾಹರಣೆಗಳಿವೆ.

ಹೈವೋಲ್ಟೇಜ್ ತಗುಲಿದವರಲ್ಲಿ ಎಷ್ಟು ಮಂದಿಗೆ ಪೊರೆ ಬರುತ್ತದೆ? ಆಸ್ಪತ್ರೆಯಿಂದ ಆಸ್ಪತ್ರೆಗೆ ಲೆಕ್ಕ ಬೇರೆ. ಹೆಚ್ಚಿನ ವರದಿಗಳಲ್ಲಿ ನೂರಕ್ಕೆ ಒಬ್ಬರಿಂದ ಎಂಟು ಮಂದಿಯ ತನಕ ಇದೆ. ಕೆಲವು ಕಡೆ ಅದಕ್ಕಿಂತ ಜಾಸ್ತಿ. ಅಂದರೆ ಬಹುಪಾಲು ಜನರಿಗೆ ಕಣ್ಣಿಗೆ ಏನೂ ಆಗುವುದಿಲ್ಲ. ಆದರೆ ಆಗುವವರು ಯಾರು ಅಂತ ಮೊದಲೇ ಹೇಳಲು ಸಾಧ್ಯವಿಲ್ಲ. ಅದಕ್ಕೇ ಎಲ್ಲರನ್ನೂ ನೋಡಬೇಕಾಗುತ್ತದೆ.

ಹೆಜ್ಜೆ 1: ಮೊದಲು ಜೀವ, ಆಮೇಲೆ ಕಣ್ಣು

ಕರೆಂಟ್ ಹಿಡಿದುಕೊಂಡವರನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮೇನ್ ಸ್ವಿಚ್ ಆಫ್ ಮಾಡಿ. ಮನೆಯ ಕರೆಂಟ್ ಆಗಿದ್ದು, ಸ್ವಿಚ್ ಕೈಗೆ ಸಿಗದಿದ್ದರೆ ಒಣಗಿದ ಮರದ ಕೋಲಿನಿಂದ ವೈರ್ ದೂರ ಸರಿಸಿ. ದೊಡ್ಡ ಲೈನ್ ಆಗಿದ್ದರೆ ಕೋಲು ಕೂಡ ನಂಬುವ ಹಾಗಿಲ್ಲ. ತುಂಡಾಗಿ ಬಿದ್ದ ಲೈನಿನಿಂದ ಕನಿಷ್ಠ ಹತ್ತು ಮೀಟರ್ ದೂರ ನಿಲ್ಲಿ, 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ. ಆಂಬುಲೆನ್ಸ್‌ಗೆ 108, ತುರ್ತು ಸಹಾಯಕ್ಕೆ 112.

ಕರೆಂಟ್ ನಿಂತದ್ದು ಖಚಿತವಾದ ಮೇಲೆ ಹತ್ತಿರ ಹೋಗಿ ಉಸಿರು ನೋಡಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು, ಕನಿಷ್ಠ ಐದು ಸೆಂಟಿಮೀಟರ್ ಒಳಹೋಗುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುತ್ತಾ ಇರಿ.

ಇಲ್ಲಿ ಕಣ್ಣಿಗೆ ಸಂಬಂಧಿಸಿದ ಒಂದು ಮಾತಿದೆ, ದಯವಿಟ್ಟು ನೆನಪಿಡಿ. ಸಿಡಿಲು ಬಡಿದವರ ಕಣ್ಣಿನ ಪಾಪೆ ದೊಡ್ಡದಾಗಿ ಅಗಲಿಸಿ, ಟಾರ್ಚ್ ಬಿಟ್ಟರೂ ಚಿಕ್ಕದಾಗದೆ ಹಾಗೇ ನಿಲ್ಲಬಹುದು. ಅದನ್ನು ನೋಡಿ "ಜೀವ ಹೋಯ್ತು" ಅಂತ ಕೈಬಿಡುವುದುಂಟು. ಸಿಡಿಲಿನ ವಿಷಯದಲ್ಲಿ ಪಾಪೆಯನ್ನು ನೋಡಿ ತೀರ್ಮಾನ ಮಾಡಲೇಬಾರದು. ಪಾಪೆಯನ್ನು ಹಿಗ್ಗಿಸುವ, ಕುಗ್ಗಿಸುವ ನರಗಳು ಆ ಹೊಡೆತಕ್ಕೆ ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿರುತ್ತವೆ, ಅಷ್ಟೇ. ಎದೆ ಒತ್ತುವುದನ್ನು ಮುಂದುವರಿಸಿ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ಮುಟ್ಟಲು ಹೆದರಬೇಡಿ.

ಹೆಜ್ಜೆ 2: ಕಣ್ಣಿಗೆ ಏನು ಮಾಡಬೇಕು, ಏನು ಮಾಡಬಾರದು

ಮುಖ ಸುಟ್ಟಿದ್ದರೆ ಮೊದಲ ಒಂದೆರಡು ಗಂಟೆ ತುಂಬಾ ಮುಖ್ಯ. ಆಮೇಲೆ ರೆಪ್ಪೆಗಳು ಊದಿಕೊಂಡು ಕಣ್ಣು ಮುಚ್ಚಿಹೋಗುತ್ತದೆ, ಒಳಗೆ ಏನಾಗಿದೆ ಅಂತ ವೈದ್ಯರಿಗೂ ನೋಡಲು ಕಷ್ಟ. ಹಾಗಾಗಿ ಆಸ್ಪತ್ರೆಗೆ ಸೇರಿಸುವಾಗಲೇ "ಕಣ್ಣು ಒಮ್ಮೆ ತೆರೆದು ನೋಡಿ ಡಾಕ್ಟ್ರೇ" ಅಂತ ಕೇಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ಅದನ್ನೂ ಹೇಳಿ.

ಕಣ್ಣಿಗೆ ಏನು ಬಿದ್ದಿದೆ ಅನ್ನುವುದರ ಮೇಲೆ ಮುಂದಿನ ಕೆಲಸ ನಿಂತಿದೆ. ಯುಪಿಎಸ್ ಅಥವಾ ಇನ್ವರ್ಟರ್ ಬ್ಯಾಟರಿ ಸಿಡಿದು ಆಸಿಡ್ ಹಾರಿದ್ದರೆ ಒಂದು ಕ್ಷಣವೂ ಕಾಯದೆ ಶುದ್ಧ ನೀರಿನಿಂದ ತೊಳೆಯಲು ಶುರು ಮಾಡಿ. ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಹರಿಯುವಂತೆ ಕನಿಷ್ಠ 15ರಿಂದ 30 ನಿಮಿಷ ತೊಳೆಯಿರಿ. ಎರಡು ಸಲ ಚಿಮುಕಿಸಿದರೆ ಸಾಲದು.

ಕಿಡಿಯ ಜೊತೆ ತಾಮ್ರದ ಚೂರೋ ಗಾಜಿನ ಚೂರೋ ಕಣ್ಣಿಗೆ ಚುಚ್ಚಿಕೊಂಡಿದ್ದರೆ ಲೆಕ್ಕ ಉಲ್ಟಾ. ಆಗ ತೊಳೆಯಬೇಡಿ, ಚೂರನ್ನು ಕೀಳಬೇಡಿ, ಕಣ್ಣನ್ನು ಒತ್ತಬೇಡಿ. ಪೇಪರ್ ಟೀ ಲೋಟವೊಂದನ್ನು ಕಣ್ಣಿನ ಸುತ್ತಲಿನ ಮೂಳೆಯ ಮೇಲೆ ಕೂರುವಂತೆ ಬೋರಲು ಇಟ್ಟು, ಮೇಲೆ ಪ್ಲಾಸ್ಟರ್ ಅಂಟಿಸಿ, ಹಾಗೇ ಆಸ್ಪತ್ರೆಗೆ ಕರೆದೊಯ್ಯಿರಿ. ಶಸ್ತ್ರಚಿಕಿತ್ಸೆ ಬೇಕಾಗಬಹುದು, ಆದ್ದರಿಂದ ದಾರಿಯಲ್ಲಿ ತಿನ್ನಲು ಕುಡಿಯಲು ಏನೂ ಕೊಡಬೇಡಿ.

ಇನ್ನು ನಮ್ಮ ಮನೆಮದ್ದುಗಳು. ನಂದಿಬಟ್ಟಲು ಹೂವಿನ ರಸ, ಎದೆಹಾಲು, ಹರಳೆಣ್ಣೆ, ಜೇನುತುಪ್ಪ, ತುಪ್ಪ. ಹಿರಿಯರು ಪ್ರೀತಿಯಿಂದಲೇ ಹಾಕಲು ಹೇಳುತ್ತಾರೆ. ಆದರೆ ಸುಟ್ಟ ಕಣ್ಣಿನ ಮೇಲ್ಪದರ ಕಿತ್ತುಹೋಗಿರುತ್ತದೆ. ಆ ಜಾಗಕ್ಕೆ ಶುದ್ಧವಲ್ಲದ ಏನು ಬಿದ್ದರೂ ಸೋಂಕು ತಗುಲಿ, ವಾಸಿಯಾಗಬಹುದಾಗಿದ್ದ ಕಣ್ಣಿನಲ್ಲಿ ಬಿಳಿ ಕಲೆ ಉಳಿದುಬಿಡುತ್ತದೆ. ಅಜ್ಜಿಗೆ ಬೇಜಾರಾದರೂ ಪರವಾಗಿಲ್ಲ, ಬೇಡ ಅನ್ನಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಡ್ರಾಪ್ಸ್ ಕೂಡ ಬೇಡ. ಸೋಂಕಿರುವ ಕಣ್ಣಿಗೆ ಅದು ಬಿದ್ದರೆ ಸೋಂಕು ಜೋರಾಗುತ್ತದೆ.

ಹೆಜ್ಜೆ 3: ಆಸ್ಪತ್ರೆಯಲ್ಲಿರುವಾಗಲೇ ಕಣ್ಣಿನ ವೈದ್ಯರಿಗೆ ತೋರಿಸಿ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡಬೇಕು ಅಂದರೆ ಇದನ್ನು ಇಟ್ಟುಕೊಳ್ಳಿ.

ಹೈವೋಲ್ಟೇಜ್ ತಗುಲಿದವರು ಸುಟ್ಟಗಾಯದ ವಾರ್ಡಿನಲ್ಲಿ ಇರುತ್ತಾರೆ. ಅಲ್ಲಿ ವೈದ್ಯರ ಗಮನ ಹೃದಯ, ಕಿಡ್ನಿ, ಸತ್ತ ಮಾಂಸಖಂಡ, ಸೋಂಕು ಇವುಗಳ ಮೇಲೆ ಇರುತ್ತದೆ. ಇರಬೇಕಾದದ್ದೂ ಹಾಗೆಯೇ. ಹಾಗಾಗಿ ಕಣ್ಣಿನ ಪರೀಕ್ಷೆಯನ್ನು ಮನೆಯವರೇ ನೆನಪಿಸಬೇಕಾಗುತ್ತದೆ. ರೋಗಿ ಸ್ವಲ್ಪ ಸುಧಾರಿಸಿದ ಕೂಡಲೇ, ಡಿಸ್ಚಾರ್ಜ್ ಆಗುವ ಮೊದಲೇ, "ಕಣ್ಣಿನ ವಿಭಾಗಕ್ಕೆ ಬರೆದುಕೊಡಿ" ಅಂತ ಕೇಳಿ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಿಭಾಗಕ್ಕೆ ಮಿಂಟೋ ಕಣ್ಣಾಸ್ಪತ್ರೆ ಹತ್ತಿರದಲ್ಲೇ ಇದೆ, ಎರಡೂ ಒಂದೇ ಮೆಡಿಕಲ್ ಕಾಲೇಜಿಗೆ ಸೇರಿದವು. ಮೈಸೂರು, ಹುಬ್ಬಳ್ಳಿ, ಬಳ್ಳಾರಿಯಂಥ ಊರುಗಳ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಕಣ್ಣಿನ ವಿಭಾಗ ಇದೆ.

ಆ ಪರೀಕ್ಷೆಯಲ್ಲಿ ಏನೇನು ಆಗಬೇಕು? ಒಂದೊಂದೇ ಕಣ್ಣಿನ ದೃಷ್ಟಿ ಎಷ್ಟಿದೆ ಅಂತ ಅಳೆಯಬೇಕು. ಪಾಪೆ ಬೆಳಕಿಗೆ ಹೇಗೆ ಸ್ಪಂದಿಸುತ್ತದೆ ಅಂತ ನೋಡಬೇಕು. ಕಣ್ಣಿನ ಒತ್ತಡ ನೋಡಬೇಕು. ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ, ಸ್ಲಿಟ್ ಲ್ಯಾಂಪ್ ಅನ್ನುವ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ಮಸೂರವನ್ನೂ (ಪಾಪೆಯ ಹಿಂದಿನ ಲೆನ್ಸ್), ಆಮೇಲೆ ಹಿಂದಿನ ರೆಟಿನಾ (ಕಣ್ಣಿನ ಒಳಪರದೆ) ಮತ್ತು ಕಣ್ಣಿನ ನರವನ್ನೂ ನೋಡಬೇಕು. ಪಾಪೆ ಹಿಗ್ಗಿಸದೆ ಸುಮ್ನೆ ಟಾರ್ಚ್ ಹಾಕಿ ನೋಡಿದರೆ ಸಾಲದು. ಕರೆಂಟ್‌ನಿಂದ ಬರುವ ಪೊರೆ ಮೊದಲಿಗೆ ಮಸೂರದ ಮುಂಭಾಗದಲ್ಲಿ, ಅಂಚಿನ ಕಡೆಗೆ, ಪುಟ್ಟ ಗುಳ್ಳೆಗಳ ಹಾಗೆ ಕಾಣಿಸಿಕೊಳ್ಳುವುದು ಹೆಚ್ಚು. ಪಾಪೆ ಚಿಕ್ಕದಿದ್ದರೆ ಆ ಗುಳ್ಳೆಗಳು ಅದರ ಹಿಂದೆ ಅಡಗಿರುತ್ತವೆ.

ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ್ದು ಮಸುಕಾಗುತ್ತದೆ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಆವತ್ತು ಬೈಕ್ ಓಡಿಸಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.

ಪರೀಕ್ಷೆ ಮುಗಿದ ಮೇಲೆ ಫಲಿತಾಂಶವನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಬಲಗಣ್ಣು 6/6, ಎಡಗಣ್ಣು 6/6, ಎರಡೂ ಕಣ್ಣಿನ ಮಸೂರ ಸ್ವಚ್ಛ, ರೆಟಿನಾ ಸರಿ ಇದೆ. ಇಷ್ಟು ಸಾಲು ಇದ್ದರೆ ಸಾಕು. ಆರು ತಿಂಗಳಾದ ಮೇಲೆ ಕಣ್ಣು ಮಂಜಾದರೆ, ಮೊದಲು ಏನಿರಲಿಲ್ಲ ಆಮೇಲೆ ಏನು ಬಂತು ಅಂತ ಹೊಸ ವೈದ್ಯರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಪರಿಹಾರ ಕೇಳುವಾಗಲೂ ಈ ಸಾಲೇ ಆಧಾರ. ಅದರ ಬಗ್ಗೆ ಕೊನೆಯಲ್ಲಿ ಬರೆದಿದ್ದೇನೆ.

ಪೊರೆ ಯಾಕೆ ಇಷ್ಟು ತಡವಾಗಿ ಬರುತ್ತದೆ

ಇದು ಹೊಸ ಕಾಯಿಲೆಯೇನಲ್ಲ. ಸಿಡಿಲು ಬಡಿದವರಿಗೆ ಪೊರೆ ಬಂದದ್ದನ್ನು ಫ್ರಾನ್ಸಿನ ಕಣ್ಣಿನ ವೈದ್ಯ ಸೇಂಟ್ ಈವ್ 1722ರಲ್ಲೇ ಬರೆದಿದ್ದರು. ಊರೂರಿಗೆ ವಿದ್ಯುತ್ ಬಂದ ಮೇಲೆ, 1905ರ ಹೊತ್ತಿಗೆ, ಕರೆಂಟ್‌ನಿಂದ ಬಂದ ಪೊರೆಯೂ ವೈದ್ಯರ ದಾಖಲೆ ಸೇರಿತು.

ನಮ್ಮ ಕಣ್ಣಿನ ಮಸೂರದೊಳಗೆ ಇರುವುದು ಹೆಚ್ಚಾಗಿ ನೀರು ಮತ್ತು ಪ್ರೋಟೀನ್. ಆ ಪ್ರೋಟೀನ್ ಅಚ್ಚುಕಟ್ಟಾಗಿ ಜೋಡಿಸಿಕೊಂಡಿರುವುದರಿಂದಲೇ ಮಸೂರ ಪಾರದರ್ಶಕ. ಮೊಟ್ಟೆಯ ಲೋಳೆ ಬೆಂದರೆ ಬೆಳ್ಳಗಾಗುವ ಹಾಗೆ, ಈ ಪ್ರೋಟೀನ್ ಕೆಟ್ಟರೆ ಮಸೂರವೂ ಬೆಳ್ಳಗಾಗುತ್ತದೆ. ಕರೆಂಟ್ ಹರಿದಾಗ ಪ್ರೋಟೀನ್‌ಗೂ ಏಟು ಬೀಳುತ್ತದೆ, ಮಸೂರದ ಹೊದಿಕೆಗೂ ಅದರ ಕೆಳಗಿನ ಜೀವಕೋಶಗಳಿಗೂ ಏಟು ಬೀಳುತ್ತದೆ. ಹೊದಿಕೆ ಕೆಟ್ಟ ಮೇಲೆ ಒಳಗೆ ನೀರು ಸೇರುತ್ತಾ ಹೋಗುತ್ತದೆ. ಮಸೂರಕ್ಕೆ ರಕ್ತನಾಳವೇ ಇಲ್ಲ. ಚರ್ಮದ ಗಾಯದ ಹಾಗೆ ಅಲ್ಲಿ ಕೆಂಪಾಗುವುದು, ಊದುವುದು, ನೋಯುವುದು ಯಾವುದೂ ಇಲ್ಲ. ಸದ್ದಿಲ್ಲದೆ ನಿಧಾನಕ್ಕೆ ಕೆಡುತ್ತದೆ.

ಕೆಲವರಿಗೆ ಕೆಲವೇ ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಜಾಸ್ತಿ ಜನರಿಗೆ ಒಂದು ತಿಂಗಳಿಂದ ಒಂದೂವರೆ ವರ್ಷದ ಒಳಗೆ. ವರ್ಷಗಟ್ಟಲೆ ಕಳೆದ ಮೇಲೆ ಬಂದದ್ದೂ ಇದೆ. ಕರೆಂಟ್ ತಗುಲಿದ ಕಡೆಯ ಕಣ್ಣಿಗೆ ಮೊದಲು ಬರಬಹುದು, ಎರಡೂ ಕಣ್ಣಿಗೆ ಬರುವುದು ಕೂಡ ಸಾಮಾನ್ಯ. ಕೆಲವರಲ್ಲಿ ಶುರುವಾದ ಗುಳ್ಳೆಗಳು ಅಲ್ಲಿಗೇ ನಿಂತು ದೃಷ್ಟಿಗೆ ಏನೂ ಮಾಡದೆ ಇದ್ದುಬಿಡುತ್ತವೆ.

ಪೊರೆಯನ್ನು ತಡೆಯುವ ಡ್ರಾಪ್ಸ್, ಮಾತ್ರೆ, ಕಷಾಯ ಯಾವುದೂ ಇಲ್ಲ. ಯಾರಾದರೂ "ಇದನ್ನು ಹಾಕಿದರೆ ಪೊರೆ ಕರಗುತ್ತದೆ" ಅಂದರೆ ನಂಬಬೇಡಿ.

ಹೆಜ್ಜೆ 4: ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ

ಡಿಸ್ಚಾರ್ಜ್ ಆದ ದಿನವೇ ಮನೆಯ ಕ್ಯಾಲೆಂಡರ್ ತೆಗೆದು ಗುರುತು ಹಾಕಿ. ಒಂದನೇ ತಿಂಗಳು, ಮೂರನೇ ತಿಂಗಳು, ಆರನೇ ತಿಂಗಳು, ಒಂದು ವರ್ಷ. ಆಮೇಲೆ ಎರಡು ವರ್ಷದ ತನಕ ಆರು ತಿಂಗಳಿಗೊಮ್ಮೆ, ಅದಾದ ಮೇಲೆ ವರ್ಷಕ್ಕೊಮ್ಮೆ. ನಿಮ್ಮ ವೈದ್ಯರು ಬೇರೆ ಲೆಕ್ಕ ಹೇಳಿದರೆ ಅದನ್ನೇ ಪಾಲಿಸಿ. ಪ್ರತಿ ಸಲವೂ ಪಾಪೆ ಹಿಗ್ಗಿಸಿ ನೋಡಿಸಿಕೊಳ್ಳಿ. ಪ್ರತಿ ಸಲವೂ "ನನಗೆ ಇಂಥ ತಿಂಗಳು ಹೈವೋಲ್ಟೇಜ್ ಕರೆಂಟ್ ಹೊಡೆದಿತ್ತು" ಅಂತ ಹೇಳಿ. ನೀವು ಹೇಳದಿದ್ದರೆ ವೈದ್ಯರಿಗೆ ಗೊತ್ತಾಗುವುದು ಹೇಗೆ? ಅಂಗಿಯೊಳಗಿನ ಗಾಯದ ಕಲೆ ಅವರಿಗೆ ಕಾಣುವುದಿಲ್ಲ.

ಕೂಲಿ ಬಿಟ್ಟು ಬರುವುದು ಎಷ್ಟು ಕಷ್ಟ ಅಂತ ಗೊತ್ತಿದೆ. ಗಾಯದ ಡ್ರೆಸ್ಸಿಂಗ್‌ಗೋ ಫಿಸಿಯೋಥೆರಪಿಗೋ ಆಸ್ಪತ್ರೆಗೆ ಬರುವ ದಿನವೇ ಕಣ್ಣಿನ ವಿಭಾಗದ ಚೀಟಿಯನ್ನೂ ಮಾಡಿಸಿಕೊಂಡರೆ ಒಂದು ಬಸ್ ಖರ್ಚು ಉಳಿಯುತ್ತದೆ. ಎಲ್ಲಾ ಭೇಟಿ ಆಗದಿದ್ದರೆ ಮೂರನೇ ಮತ್ತು ಆರನೇ ತಿಂಗಳಿನದನ್ನಾದರೂ ತಪ್ಪಿಸಬೇಡಿ.

ಹೆಜ್ಜೆ 5: ವಾರಕ್ಕೊಮ್ಮೆ ಮನೆಯಲ್ಲೇ ನೋಡಿಕೊಳ್ಳಿ

ಎರಡೂ ಕಣ್ಣು ತೆರೆದಿದ್ದಾಗ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೊರತೆಯನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಒಂದು ಕಣ್ಣು ಪೂರ್ತಿ ಹೋದ ಮೇಲೆ ಗೊತ್ತಾಗುವವರಿದ್ದಾರೆ. ಹಾಗಾಗಿ ಒಂದೊಂದೇ ಕಣ್ಣು ಮುಚ್ಚಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಗೋಡೆಯ ಕ್ಯಾಲೆಂಡರ್ ಎದುರು ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲಿ, ನೆಲದ ಮೇಲೆ ಒಂದು ಗುರುತು ಹಾಕಿಕೊಂಡರೆ ಒಳ್ಳೆಯದು. ಕನ್ನಡಕ ಇದ್ದರೆ ಹಾಕಿಕೊಳ್ಳಿ. ಅಂಗೈಯಿಂದ ಒಂದು ಕಣ್ಣು ಮುಚ್ಚಿ, ಎಷ್ಟು ಚಿಕ್ಕ ಅಕ್ಷರದ ತನಕ ಓದಲಾಗುತ್ತದೆ ನೋಡಿ. ಆಮೇಲೆ ಇನ್ನೊಂದು ಕಣ್ಣು. ಕಣ್ಣನ್ನು ಒತ್ತಬೇಡಿ, ಒತ್ತಿದರೆ ಸ್ವಲ್ಪ ಹೊತ್ತು ಎಲ್ಲವೂ ಮಸುಕು ಕಾಣುತ್ತದೆ. ಮುಂದೆ ಮಕ್ಕಳ ಚೌಕಳಿ ಲೆಕ್ಕದ ಪುಸ್ತಕ ತೆಗೆದುಕೊಂಡು, ನಡುವೆ ಒಂದು ಚುಕ್ಕಿ ಇಟ್ಟು, ಓದುವ ದೂರದಲ್ಲಿ ಹಿಡಿದು ಒಂದೇ ಕಣ್ಣಿನಿಂದ ಆ ಚುಕ್ಕಿಯನ್ನೇ ನೋಡಿ. ಗೆರೆಗಳು ನೆಟ್ಟಗಿವೆಯೇ? ಅಲೆಅಲೆಯಾಗಿ ಕಂಡರೆ, ನಡುವೆ ಕಪ್ಪು ಮಚ್ಚೆ ಕಂಡರೆ ರೆಟಿನಾದ ನಡುಭಾಗದಲ್ಲಿ ತೊಂದರೆ ಇರಬಹುದು. ಅಲ್ಲಿ ಊತ ಬರುವುದು, ತೂತು ಬೀಳುವುದು ಹೈವೋಲ್ಟೇಜ್ ಮತ್ತು ಸಿಡಿಲಿನ ಏಟಿನಲ್ಲಿ ಕಂಡುಬಂದಿದೆ. ಕೊನೆಗೆ ಕೆಂಪು ಬಣ್ಣದ ಯಾವುದಾದರೂ ವಸ್ತುವನ್ನು, ಕುಂಕುಮದ ಭರಣಿಯಾದರೂ ಆಯ್ತು, ಒಂದೊಂದೇ ಕಣ್ಣಿನಿಂದ ನೋಡಿ. ಒಂದು ಕಣ್ಣಿಗೆ ಕೆಂಪು ಮಾಸಿದ ಹಾಗೆ ಕಂಡರೆ ಕಣ್ಣಿನ ನರವನ್ನು ತೋರಿಸಬೇಕು.

ಪೊರೆಯ ಲಕ್ಷಣಗಳು ಬೇರೆ. ರಾತ್ರಿ ಎದುರಿನ ಗಾಡಿಯ ಲೈಟ್ ಸುತ್ತ ಬಳೆ ಕಟ್ಟಿದಂತೆ ಕಾಣುವುದು, ಬಿಸಿಲಿಗೆ ಹೋದರೆ ಏನೂ ಕಾಣದಂತಾಗಿ ನೆರಳಿಗೆ ಬಂದರೆ ಸ್ವಲ್ಪ ಸರಿಯಾಗುವುದು, ಒಂದೇ ಕಣ್ಣಿನಲ್ಲಿ ಎರಡೆರಡು ಕಾಣುವುದು, ಕನ್ನಡಕದ ನಂಬರ್ ಪದೇ ಪದೇ ಬದಲಾಗುವುದು. ಇಂಥದ್ದು ಕಂಡರೆ ಕ್ಯಾಲೆಂಡರ್‌ನ ಗುರುತಿಗೆ ಕಾಯದೆ ಆ ವಾರವೇ ತೋರಿಸಿ.

ಹೆಜ್ಜೆ 6: ಅದೇ ದಿನ ಓಡಬೇಕಾದ ಲಕ್ಷಣಗಳು

ಕಣ್ಣಿನ ಮುಂದೆ ಇದ್ದಕ್ಕಿದ್ದಂತೆ ಮಿಂಚು ಹೊಡೆದಂತಾಗಿ ಕಪ್ಪು ಚುಕ್ಕಿಗಳ ಮಳೆ ಸುರಿದರೆ, ಒಂದು ಕಡೆಯಿಂದ ಪರದೆ ಎಳೆದ ಹಾಗೆ ಕತ್ತಲು ಬಂದರೆ, ರೆಟಿನಾ ಕಳಚುತ್ತಿರಬಹುದು. ಇದಕ್ಕೆ ನೋವೇ ಇರುವುದಿಲ್ಲ, ಅದಕ್ಕೇ ಜನ ನಾಳೆ ನೋಡೋಣ ಅಂತ ಮಲಗುತ್ತಾರೆ. ನಾಳೆಗೆ ಬಿಡಬೇಡಿ.

ಕಣ್ಣು ಕೆಂಪಾಗಿ, ಬೆಳಕು ನೋಡಲಾಗದೆ, ಒಳಗಿನಿಂದ ನೋಯುತ್ತಿದ್ದರೆ ಕಣ್ಣಿನೊಳಗೆ ಉರಿಯೂತ ಇರಬಹುದು. ಮಾಮೂಲಿ ಕಣ್ಣು ಬೇನೆ ಅಂತ ಸುಮ್ನೆ ಕೂರಬೇಡಿ. ಕಣ್ಣಿನ ಜೊತೆ ತಲೆಯೂ ಸಿಡಿಯುವಂತೆ ನೋಯುತ್ತಾ ವಾಂತಿ ಬಂದರೆ ಕಣ್ಣಿನ ಒತ್ತಡ ಏರಿರಬಹುದು. ಬಲಿತ ಪೊರೆ ಊದಿಕೊಂಡಾಗ ಹೀಗಾಗಬಹುದು. ಇದು ರಾತ್ರಿಯಾದರೂ ಎಮರ್ಜೆನ್ಸಿಗೆ ಹೋಗಬೇಕಾದ ಸಂಗತಿ.

ಒಂದು ಕಣ್ಣಿನ ದೃಷ್ಟಿ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಇಳಿದುಹೋದರೆ ನರಕ್ಕೆ ಏಟಾಗಿರಬಹುದು. ನರದ ವಿಷಯದಲ್ಲಿ ನೇರವಾಗಿ ಹೇಳಿಬಿಡುತ್ತೇನೆ. ಕೆಲವು ವೈದ್ಯರು ಸ್ಟಿರಾಯ್ಡ್ ಕೊಟ್ಟು ನೋಡುತ್ತಾರೆ, ಕೆಲವರಿಗೆ ದೃಷ್ಟಿ ತಾನಾಗಿಯೇ ಸ್ವಲ್ಪ ಮರಳುತ್ತದೆ. ಆದರೆ ಗ್ಯಾರಂಟಿ ಇರುವ ಚಿಕಿತ್ಸೆ ಇಲ್ಲ. ಲಕ್ಷಗಟ್ಟಲೆ ಕೊಟ್ಟರೆ ನರ ಸರಿಮಾಡುತ್ತೇವೆ ಅನ್ನುವವರ ಹತ್ತಿರ ಹೊಲ ಮಾರಿಕೊಂಡು ಹೋಗಬೇಡಿ.

ಹೆಜ್ಜೆ 7: ಪೊರೆ ಆಪರೇಷನ್ ಬೇಕಾದಾಗ

ಪೊರೆ ಬಂದಿದೆ ಅಂದ ಕೂಡಲೇ ಆಪರೇಷನ್ ಆಗಬೇಕೆಂದಿಲ್ಲ. ದಿನದ ಕೆಲಸಕ್ಕೆ ತೊಂದರೆಯಾಗುತ್ತಿದೆಯೇ ಅನ್ನುವುದೇ ಅಳತೆ. ಆಪರೇಷನ್ ವಯಸ್ಸಾದವರಿಗೆ ಮಾಡುವಂಥದ್ದೇ: ಕೆಟ್ಟ ಮಸೂರ ತೆಗೆದು ಕೃತಕ ಲೆನ್ಸ್ ಕೂರಿಸುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ರೆಟಿನಾ ಮತ್ತು ನರ ಚೆನ್ನಾಗಿದ್ದರೆ ದೃಷ್ಟಿ ಬಹಳ ಚೆನ್ನಾಗಿ ಮರಳುತ್ತದೆ.

ಆ "ಚೆನ್ನಾಗಿದ್ದರೆ" ಅನ್ನುವುದನ್ನು ಆಪರೇಷನ್‌ಗೆ ಮೊದಲೇ ಕೇಳಿ ತಿಳಿದುಕೊಳ್ಳಿ. ಪೊರೆ ದಟ್ಟವಾಗಿ ಹಿಂಭಾಗ ಕಾಣದಿದ್ದರೆ ಕಣ್ಣಿನ ಸ್ಕ್ಯಾನ್ ಮಾಡಿ ನೋಡುತ್ತಾರೆ. ಹಿಂಭಾಗ ಕಾಣುವಂತಿದ್ದರೆ ಓಸಿಟಿ ಅನ್ನುವ ಪರೀಕ್ಷೆಯಲ್ಲಿ ರೆಟಿನಾದ ಪದರಗಳನ್ನು ನೋಡಬಹುದು. "ನನಗೆ ಎಷ್ಟು ದೃಷ್ಟಿ ಬರಬಹುದು, ಹಿಂದೆ ಬೇರೇನಾದರೂ ತೊಂದರೆ ಕಾಣುತ್ತಿದೆಯಾ?" ಅಂತ ಕೇಳಲು ಸಂಕೋಚ ಬೇಡ.

ಚಿಕ್ಕ ವಯಸ್ಸಿನವರು ಇನ್ನೊಂದು ವಿಷಯ ತಿಳಿದಿರಬೇಕು. ಸಹಜ ಮಸೂರ ದೂರಕ್ಕೂ ಹತ್ತಿರಕ್ಕೂ ತಾನಾಗಿಯೇ ಹೊಂದಿಕೊಳ್ಳುತ್ತದೆ. ಸಾಮಾನ್ಯ ಕೃತಕ ಲೆನ್ಸ್‌ಗೆ ಆ ಶಕ್ತಿ ಇಲ್ಲ. ದೂರಕ್ಕೆ ಸರಿಹೊಂದುವ ಲೆನ್ಸ್ ಹಾಕಿಸಿಕೊಂಡರೆ ಮೊಬೈಲ್ ನೋಡಲು, ಓದಲು ಕನ್ನಡಕ ಬೇಕೇ ಬೇಕು. ಇಪ್ಪತ್ತೈದರಲ್ಲಿ ಓದುವ ಕನ್ನಡಕ ಅಂತ ಮನಸ್ಸಿಗೆ ಕಷ್ಟ ಆಗಬಹುದು, ಆಪರೇಷನ್ ಕೆಟ್ಟಿದೆ ಅಂತ ಅಲ್ಲ. ತಿಂಗಳುಗಳು ಕಳೆದ ಮೇಲೆ ಲೆನ್ಸ್ ಹಿಂದಿನ ಪದರ ಮಸುಕಾಗಿ ಮತ್ತೆ ಮಂಜು ಕಾಣುವುದೂ ಉಂಟು. ಯುವಕರಲ್ಲಿ ಇದು ಜಾಸ್ತಿ. ಲೇಸರ್‌ನಿಂದ ಕೆಲವೇ ನಿಮಿಷಗಳಲ್ಲಿ ಸರಿಮಾಡುತ್ತಾರೆ.

ಹೈವೋಲ್ಟೇಜ್ ತಗುಲಿದ ಎಷ್ಟೋ ಜನ ಕೈ ಕಳೆದುಕೊಂಡಿರುತ್ತಾರೆ. ಅಂಥವರಿಗೆ ಆಪರೇಷನ್ ಆದ ಮೇಲೆ ಡ್ರಾಪ್ಸ್ ಹಾಕುವವರು ಯಾರು ಅಂತ ಮೊದಲೇ ನಿಶ್ಚಯ ಮಾಡಿಕೊಳ್ಳಿ. ಹಾಕುವವರು ಕೈ ಸೋಪಿನಿಂದ ತೊಳೆಯಬೇಕು. ಕೆಳರೆಪ್ಪೆಯನ್ನು ಸ್ವಲ್ಪ ಕೆಳಗೆಳೆದು ಒಂದೇ ಹನಿ ಬಿಡಬೇಕು, ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಎರಡು ಬೇರೆ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ಕೈ ಇಲ್ಲದವರಿಗೆ ಕಣ್ಣೇ ಆಸರೆ. ಅವರ ಕಣ್ಣಿನ ಆರೈಕೆಯನ್ನು ಮನೆಯವರು ಎಂದೂ ಎರಡನೇ ಮಾತಾಗಿ ನೋಡಬಾರದು.

ರೆಪ್ಪೆ ಸುಟ್ಟವರಿಗೆ

ರೆಪ್ಪೆಯ ಸುಟ್ಟಗಾಯ ಒಣಗುತ್ತಾ ಬಂದಂತೆ ಚರ್ಮ ಬಿಗಿದು ರೆಪ್ಪೆಯನ್ನು ಎಳೆಯುತ್ತದೆ. ಆಗ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಎಚ್ಚರವಿದ್ದಾಗ ಗೊತ್ತಾಗದೆ ಇರಬಹುದು. ರಾತ್ರಿ ಅವರು ನಿದ್ದೆ ಹೋದ ಮೇಲೆ ಮನೆಯವರು ಒಮ್ಮೆ ನೋಡಿ: ರೆಪ್ಪೆಗಳ ನಡುವೆ ಬಿಳಿಭಾಗ ಕಾಣುತ್ತಿದೆಯೇ? ಬೆಳಿಗ್ಗೆ ಎದ್ದಾಗ ಕಣ್ಣು ಕೆಂಪಾಗಿ ಮರಳು ಬಿದ್ದಂತೆ ಚುಚ್ಚುತ್ತದೆಯೇ? ಹಾಗಿದ್ದರೆ ಕಣ್ಣಿನ ಮೇಲ್ಪದರ ಒಣಗುತ್ತಿದೆ, ಹುಣ್ಣಾಗಬಹುದು. ವೈದ್ಯರು ಹಗಲಿಗೆ ತೇವದ ಡ್ರಾಪ್ಸ್, ರಾತ್ರಿಗೆ ಮುಲಾಮು ಕೊಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ತಾತ್ಕಾಲಿಕವಾಗಿ ರೆಪ್ಪೆಗಳಿಗೆ ಹೊಲಿಗೆ ಹಾಕುತ್ತಾರೆ, ಇಲ್ಲವೇ ಚರ್ಮ ಕಸಿ ಮಾಡುತ್ತಾರೆ. ಐಸಿಯುನಲ್ಲಿ ಪ್ರಜ್ಞೆ ಇಲ್ಲದೆ ಇರುವವರಿಗೂ ಇದೇ ಅಪಾಯ. ಕಣ್ಣಿಗೆ ಮುಲಾಮು ಹಾಕುತ್ತಿದ್ದಾರಾ ಅಂತ ಸಿಸ್ಟರ್ ಹತ್ತಿರ ಕೇಳಿ.

ವೆಲ್ಡಿಂಗ್ ಕಿಡಿ ನೋಡಿದ ಕಣ್ಣು

ಇಲ್ಲಿ ಕಣ್ಣೊಳಗೆ ಕರೆಂಟ್ ಹರಿದಿರುವುದಿಲ್ಲ, ಆ ಬೆಳಕಿನ ಅತಿನೇರಳೆ ಕಿರಣ ಕಣ್ಣಿನ ಮೇಲ್ಪದರವನ್ನು ಸುಟ್ಟಿರುತ್ತದೆ. ಪ್ಯಾನೆಲ್ ಬೋರ್ಡ್‌ನಲ್ಲಿ ದೊಡ್ಡ ಕಿಡಿ ಹಾರಿದಾಗಲೂ ಹೀಗಾಗಬಹುದು. ಕೆಲಸ ಮಾಡುವಾಗ ಏನೂ ಅನಿಸುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಕಳೆದು, ಸಾಮಾನ್ಯವಾಗಿ ನಡುರಾತ್ರಿ, ಕಣ್ಣಲ್ಲಿ ಖಾರದಪುಡಿ ಬಿದ್ದಂತೆ ಉರಿಯುತ್ತದೆ. ಕತ್ತಲೆ ಕೋಣೆ, ಕಣ್ಣು ಮುಚ್ಚಿ ಮೇಲೆ ತಣ್ಣೀರಿನ ಶುದ್ಧ ಬಟ್ಟೆ, ನೋವಿನ ಮಾತ್ರೆ, ತೇವದ ಡ್ರಾಪ್ಸ್. ಒಂದರಿಂದ ಮೂರು ದಿನದಲ್ಲಿ ಸರಿಹೋಗುತ್ತದೆ. ಮರಗಟ್ಟಿಸುವ ಡ್ರಾಪ್ಸ್ ಹಾಕಿದರೆ ತಕ್ಷಣ ಹಾಯೆನಿಸುತ್ತದೆ, ಆದರೆ ಅದನ್ನು ಮನೆಗೆ ತಂದು ಮತ್ತೆ ಮತ್ತೆ ಹಾಕಿಕೊಂಡರೆ ಗಾಯ ಮಾಯುವುದೇ ನಿಂತುಹೋಗುತ್ತದೆ. ಎರಡು ದಿನಕ್ಕೂ ನೋವು ತಗ್ಗದಿದ್ದರೆ ಅಥವಾ ದೃಷ್ಟಿ ಕಡಿಮೆ ಅನಿಸಿದರೆ ತೋರಿಸಿ.

ಮಕ್ಕಳ ವಿಷಯ

ಟೆರೇಸ್ ಮೇಲೆ ಗಾಳಿಪಟ ಬಿಡಿಸಲು ಹೋಗಿ ಲೈನ್ ತಗುಲಿಸಿಕೊಂಡ ಮಗು "ನನಗೆ ಕಣ್ಣು ಮಂಜು" ಅಂತ ಬಂದು ಹೇಳುವುದಿಲ್ಲ. ಬೋರ್ಡ್ ಕಾಣುವುದಿಲ್ಲ ಅಂತ ಮುಂದಿನ ಬೆಂಚಿಗೆ ಹೋಗುತ್ತದೆ, ಟಿವಿ ಹತ್ತಿರ ಕೂರುತ್ತದೆ, ಕಣ್ಣು ಓರೆಯಾಗುತ್ತದೆ, ಫೋಟೋದಲ್ಲಿ ಪಾಪೆ ಬೆಳ್ಳಗೆ ಕಾಣುತ್ತದೆ. ಏಳೆಂಟು ವರ್ಷದೊಳಗಿನ ಮಕ್ಕಳಲ್ಲಿ ಪೊರೆಯನ್ನು ತಡ ಮಾಡಿ ತೆಗೆದರೆ ಮೆದುಳು ಆ ಕಣ್ಣನ್ನು ಬಳಸುವುದನ್ನೇ ಬಿಟ್ಟಿರುತ್ತದೆ. ಆಮೇಲೆ ಕಣ್ಣು ಸರಿಯಿದ್ದರೂ ದೃಷ್ಟಿ ಬರುವುದು ಕಷ್ಟ. ಆದ್ದರಿಂದ ಮಕ್ಕಳಿಗೆ ಭೇಟಿಗಳ ನಡುವಿನ ಅಂತರ ಕಡಿಮೆ ಇರಲಿ, ಮಕ್ಕಳ ಕಣ್ಣು ನೋಡುವವರ ಹತ್ತಿರವೇ ತೋರಿಸಿ. ಶಾಲೆಯ ಟೀಚರ್‌ಗೂ ಒಂದು ಮಾತು ಹೇಳಿಡಿ.

ಕಾಗದಪತ್ರ ಮತ್ತು ಪರಿಹಾರ

ಆಸ್ಪತ್ರೆಗೆ ಸೇರಿಸುವಾಗಲೇ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣ) ದಾಖಲಾಗಿದೆಯೇ ನೋಡಿ. ಲೈನ್ ತುಂಡಾಗಿ ಬಿದ್ದು ಅಪಘಾತವಾಗಿದ್ದರೆ ಪೊಲೀಸ್ ದೂರಿನ ಪ್ರತಿ ಇಟ್ಟುಕೊಳ್ಳಿ, ನಿಮ್ಮ ಭಾಗದ ವಿದ್ಯುತ್ ಕಂಪನಿಯ ಕಚೇರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇಂಥ ಅಪಘಾತಗಳನ್ನು ವಿದ್ಯುತ್ ಪರಿವೀಕ್ಷಣಾಲಯ ತನಿಖೆ ಮಾಡುತ್ತದೆ, ಆ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ.

ಕೆಲಸದ ವೇಳೆ ಆದ ಅಪಘಾತಕ್ಕೆ ಮೊದಲು 1923ರ ನೌಕರರ ಪರಿಹಾರ ಕಾಯ್ದೆ ಇತ್ತು, 2025ರ ನವೆಂಬರ್‌ನಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರಿಗೆ ಅದರ ಬದಲು ಇಎಸ್‌ಐನಿಂದಲೇ ಸೌಲಭ್ಯ. ಕಾಯ್ದೆಯ ಪಟ್ಟಿಯಲ್ಲಿ, ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣಿನ ದೃಷ್ಟಿ ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ 30ರಷ್ಟು ನಷ್ಟ, ಒಂದು ಕಣ್ಣೇ ಹೋದರೆ ಶೇ 40. ಕಣ್ಣು ಬೇಕಾದ ಯಾವ ಕೆಲಸವನ್ನೂ ಮಾಡಲಾಗದಷ್ಟು ದೃಷ್ಟಿ ಹೋದರೆ ಶೇ 100.

ಅರ್ಜಿ ಹಾಕಲು ಅಪಘಾತವಾದ ದಿನದಿಂದ ಎರಡು ವರ್ಷದ ಗಡುವು. ಪೊರೆ ಒಂದೂವರೆ ವರ್ಷಕ್ಕೆ ಕಾಣಿಸಿಕೊಂಡರೆ ಉಳಿಯುವುದು ಆರೇ ತಿಂಗಳು. ಸರಿಯಾದ ಕಾರಣವಿದ್ದರೆ ತಡವಾದ ಅರ್ಜಿಯನ್ನೂ ಒಪ್ಪಿಕೊಳ್ಳುವ ಅವಕಾಶ ಕಾಯ್ದೆಯಲ್ಲಿದೆ, ಆದರೆ ಅದನ್ನೇ ನಂಬಿ ಕೂರಬೇಡಿ. ಕೈಕಾಲಿನ ಗಾಯಕ್ಕೆ ಮೊದಲೇ ಅರ್ಜಿ ಹಾಕಿದ್ದು, ಈಗ ಕಣ್ಣಿಗೂ ತೊಂದರೆ ಬಂದಿದೆ ಅಂದರೆ ತಡಮಾಡದೆ ವಕೀಲರಿಗೆ ತಿಳಿಸಿ. ಉಚಿತ ನೆರವಿಗೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು.

ಚಿಕಿತ್ಸೆ ಎಲ್ಲಾ ಮುಗಿದ ಮೇಲೂ ದೃಷ್ಟಿ ಕಡಿಮೆಯೇ ಉಳಿದರೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಿ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಸರ್ಕಾರಿ ಕೆಲಸದ ಮೀಸಲಾತಿಯಂಥ ಸೌಲಭ್ಯ ಸಿಗುತ್ತದೆ. ಕೈಗೂ ಕಣ್ಣಿಗೂ ಏಟಾದವರು ಎರಡನ್ನೂ ಸೇರಿಸಿ ಪರಿಶೀಲಿಸುವಂತೆ ಜಿಲ್ಲಾಸ್ಪತ್ರೆಯ ಮಂಡಳಿಯ ಮುಂದೆ ಕೇಳಿ. ಹೋಗುವಾಗ ಮೊದಲ ದಿನದ ಕಣ್ಣಿನ ಪರೀಕ್ಷೆಯ ಚೀಟಿ, ಆಮೇಲಿನ ಎಲ್ಲಾ ಭೇಟಿಗಳ ಚೀಟಿಗಳು, ಆಪರೇಷನ್ ವರದಿ ಇವನ್ನು ದಿನಾಂಕದ ಸಾಲಿನಲ್ಲಿ ಜೋಡಿಸಿ ಒಂದೇ ಫೈಲಿನಲ್ಲಿ ತೆಗೆದುಕೊಂಡು ಹೋಗಿ. ಜೆರಾಕ್ಸ್ ಒಂದು ಸೆಟ್ ಮನೆಯಲ್ಲಿರಲಿ.